ಕೆಲಸ ಮುಗಿಬಿದ್ದ ದಿನ ತಲೆ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಮಕ್ಕಳಿಗೆ ಪರೀಕ್ಷೆ, ನಲ್ಲಿ ರಿಪೇರಿಗೆ ಬರುವವರು, ಸಂಜೆಗೆ ನೆಂಟರು. ಎಲ್ಲ ಒಂದೇ ದಿನ ಬಂದರೆ ಕೈಗಿಂತ ಮೊದಲು ತಲೆ ಸುಸ್ತಾಗುತ್ತದೆ, ಅಲ್ವಾ? ಕೆಲಸ ಜಾಸ್ತಿ ಇರುವುದು ನಿಜ. ಆದರೆ ಹೆಚ್ಚು ದಣಿಸುವುದು, ಗಡಿಬಿಡಿಯ ನಡುವೆ ‘ಮುಂದೇನು?’ ಎಂದು ಮತ್ತೆ ಮತ್ತೆ ಯೋಚಿಸಬೇಕಾಗುವುದು. ಆ ಯೋಚನೆಯನ್ನು ಹಿಂದಿನ ರಾತ್ರಿಯೇ ಮುಗಿಸಿಕೊಳ್ಳಿ.

ಒಂದು ಹಾಳೆಯಲ್ಲಿ, ಇಂಥ ಹೊತ್ತಿಗೇ ಆಗಬೇಕು ಅನ್ನುವ ಕೆಲಸಗಳನ್ನು ಮಾತ್ರ ಮೊದಲು ಬರೆಯಿರಿ. ಆಮೇಲೆ ಹಿಂದಕ್ಕೆ ಲೆಕ್ಕ ಹಾಕಿ. 8.30ಕ್ಕೆ ಮನೆ ಬಿಡಬೇಕು ಅಂತಿಟ್ಟುಕೊಳ್ಳಿ. ಚಪ್ಪಲಿ ಹಾಕಿ, ಬ್ಯಾಗ್ ಎತ್ತಿಕೊಂಡು, ಬೀಗ ಹಾಕಲು 10 ನಿಮಿಷ. ತಿಂಡಿಗೆ 20 ನಿಮಿಷ. ಅಂದರೆ 8 ಗಂಟೆಗೆ ತಟ್ಟೆ ಮುಂದೆ ಕೂತಿರಬೇಕು. ಇಬ್ಬರ ಸ್ನಾನಕ್ಕೆ ಅರ್ಧ ಗಂಟೆಯಾದರೆ, ಮೊದಲನೆಯವರು 7.30ಕ್ಕೆ ಬಚ್ಚಲಿಗೆ ಹೋಗಬೇಕು.

ಈ ಅಂದಾಜಿನಲ್ಲೇ ಹೆಚ್ಚಿನವರು ಎಡವುವುದು. ಎಲ್ಲ ಸಲೀಸಾಗಿ ಆಗುತ್ತದೆ ಅಂದುಕೊಂಡು ಕಡಿಮೆ ಸಮಯ ಇಟ್ಟುಕೊಳ್ಳುವ ಈ ಅಭ್ಯಾಸವನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲೇ ಗುರುತಿಸಿದ್ದರು. ಹಾಗಾಗಿ ‘ಎಷ್ಟು ಹೊತ್ತು ಬೇಕಾದೀತು’ ಅನ್ನುವುದನ್ನು ಬಿಡಿ, ಕಳೆದ ಸಲ ನಿಜವಾಗಿ ಎಷ್ಟು ಹಿಡಿಯಿತೋ ಅದನ್ನೇ ಬರೆಯಿರಿ.

ಆ ದಿನ ಆಗದಿದ್ದರೂ ನಡೆಯುವ ಒಂದು ಕೆಲಸಕ್ಕೆ ರಾತ್ರಿಯೇ ಗುರುತು ಹಾಕಿಡಿ. ಬಟ್ಟೆ ಮಡಚುವುದು, ಕಪಾಟು ಒರೆಸುವುದು, ಯಾವುದಾದರೂ ಸರಿ. ನನಗೆ ಕೇಳಿದರೆ ಇಡೀ ಹಾಳೆಯಲ್ಲಿ ಬೆಲೆಬಾಳುವ ಸಾಲು ಇದೇ.

ಮನೆಯವರಿಗೆ ಕೆಲಸ ಹಂಚುವಾಗ ಪೂರ್ತಿಯಾಗಿ ಒಪ್ಪಿಸಿ. ‘ಸ್ವಲ್ಪ ಸಹಾಯ ಮಾಡಿ’ ಅಂದರೆ ಏನು ಮಾಡಬೇಕೆಂದು ಹೇಳುವ ಹೊರೆ ನಿಮ್ಮ ಮೇಲೇ ಉಳಿಯುತ್ತದೆ. ‘ಮಕ್ಕಳ ಬ್ಯಾಗ್ ನಿಮ್ಮದು’ ಅಂದರೆ ಪುಸ್ತಕ, ಪೆನ್ನು, ನೀರಿನ ಬಾಟಲಿ ಎಲ್ಲವನ್ನೂ ಅವರೇ ನೋಡಿಕೊಳ್ಳಬೇಕು. ಅವರು ಜೋಡಿಸಿದ ರೀತಿ ಬೇರೆಯಾಗಿದ್ದರೆ ಇರಲಿ, ತಿದ್ದಲು ಹೋಗಬೇಡಿ.

ಬೀಗದ ಕೈ, ಕನ್ನಡಕ, ಬೇಕಾದ ಕಾಗದಪತ್ರ ರಾತ್ರಿಯೇ ಬಾಗಿಲ ಬಳಿ ಇರಲಿ.

ಇಷ್ಟಾದರೂ ಏನೋ ಒಂದು ಕೈಕೊಡುತ್ತದೆ. ಹಾಲು ಉಕ್ಕುವ ಹೊತ್ತಿಗೇ ಫೋನು, ಅದೇ ಹೊತ್ತಿಗೆ ಕರೆಗಂಟೆ. ಮೊದಲು ಒಲೆ ಆರಿಸಿ. ನಿಂತಲ್ಲೇ ಉಸಿರೆಳೆದುಕೊಂಡು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. ಹೀಗೆ ನಾಲ್ಕೈದು ಸಲ. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿಯೇ ತುಸು ತಗ್ಗುತ್ತದೆ. ಆಮೇಲೆ ಬಾಗಿಲು ತೆರೆಯಿರಿ. ಫೋನು ಕಾಯಲಿ.

ಮಧ್ಯಾಹ್ನ ಊಟವಾದ ಮೇಲೆ ಹಾಳೆಯನ್ನು ಮತ್ತೊಮ್ಮೆ ನೋಡಿ. ಆಗಲೇ ತಡವಾಗಿದ್ದರೆ ಗುರುತು ಹಾಕಿದ ಆ ಕೆಲಸವನ್ನು ಹೊಡೆದು ಹಾಕಿ, ಸಂಜೆವರೆಗೆ ಕಾಯಬೇಡಿ.