ಬೆಟ್ಟು ಅಂದರೆ ಗುಡ್ಡವಲ್ಲ: ಹಳೆಯ ಕನ್ನಡ ಆಧಾರಗಳನ್ನು ಕೋರ್ಟಿನಲ್ಲಿ ಓದಿಸಿದ ಕ್ರಮ

ಕಾಸರಗೋಡು, ಹೊಸದುರ್ಗ ಕೋರ್ಟುಗಳಲ್ಲಿ ಜಾಗದ ದಾವೆ ನಡೆಸುವವರಿಗೆ ಈ ತಲೆನೋವು ಹೊಸತಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕಿಂತ ಹಿಂದಿನ ಪಾಲುಪಟ್ಟಿ, ಗೇಣಿಚೀಟು, ಅಡವುಪತ್ರಗಳಲ್ಲಿ ಬಹುಪಾಲು ಕನ್ನಡದ್ದು, ಅದೂ ಲೇಖನಿ ಎತ್ತದೆ ಬರೆದ ಮೋಡಿ ಕೈಬರಹ. ಕೋರ್ಟಿನ ಕಡತ ಇಂಗ್ಲಿಷಿನದ್ದು, ಸಾಕ್ಷಿಯ ಹೇಳಿಕೆ ಹೆಚ್ಚಾಗಿ ಮಲಯಾಳದ್ದು. ಇಂಥ ಆಧಾರವನ್ನು (ದಸ್ತಾವೇಜನ್ನು) ಸಾಲು ಸಾಲಾಗಿ ಅಚ್ಚಿನ ಕನ್ನಡಕ್ಕೆ ಇಳಿಸಿ ಹಾಜರುಪಡಿಸಲು ನಾನು ಹೊರಟಾಗ, ಅದು ಬರೀ ಸಮಯ ಹಾಳು ಎಂದವರೇ ಹೆಚ್ಚು. ಈಗ ಅವರಲ್ಲೇ ನಾಲ್ಕೈದು ಮಂದಿ ನನ್ನ ಹಾಳೆಯ ಮಾದರಿ ತೆಗೆದುಕೊಂಡು ಹೋಗಿದ್ದಾರೆ.

ನಾವೆಲ್ಲ ಮಾಡುತ್ತಿದ್ದ ತಪ್ಪು ಒಂದೇ. ಓದುವುದು, ಅನುವಾದಿಸುವುದು, ಅರ್ಥ ಹೇಳುವುದು, ಈ ಮೂರನ್ನೂ ಒಬ್ಬ ಅನುವಾದಕನ ತಲೆಗೆ ಕಟ್ಟುವುದು. ಪಾಟೀ ಸವಾಲಿನಲ್ಲಿ ಒಂದು ಪದ ಜಾರಿದರೆ ಸಾಕು, ಇಡೀ ಅನುವಾದವೇ ಬಿದ್ದುಹೋಗುತ್ತದೆ.

ಹಾಗೆ ಹೆಚ್ಚಾಗಿ ಜಾರುವ ಪದ 'ಬೆಟ್ಟು'. ಬೈಲು, ಮಜಲು, ಬೆಟ್ಟು ಎಂಬುದು ನಮ್ಮಲ್ಲಿ ಗದ್ದೆಯ ಮೂರು ದರ್ಜೆ. ಬೆಟ್ಟು ಮಳೆಗಾಲದ ಒಂದೇ ಬೆಳೆಯ ಎತ್ತರದ ಗದ್ದೆ. ಊರಿನ ಬಳಕೆ ಗೊತ್ತಿಲ್ಲದ ಅನುವಾದಕ ಅದನ್ನು ಗುಡ್ಡ ಎಂದು ಬರೆಯುತ್ತಾನೆ. ಅಲ್ಲಿಗೆ ಎದುರು ವಕೀಲರು, ಗುಡ್ಡದಲ್ಲಿ ಎಂಥ ಭತ್ತದ ಗೇಣಿ ಎಂದು ಹಿಡಿಯುತ್ತಾರೆ. ಮೂಲಗೇಣಿ, ಚಾಲಗೇಣಿ ಎರಡನ್ನೂ 'ಪಾಟ್ಟಂ' (ಮಲಯಾಳದಲ್ಲಿ ಗೇಣಿ) ಮಾಡಿಬಿಟ್ಟರೆ ಶಾಶ್ವತ ಗೇಣಿಗೂ ಬಿಡಿಸಬಹುದಾದ ಗೇಣಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ವರ್ಗಕ್ಕೆ (ಪಟ್ಟಾ ಜಾಗಕ್ಕೆ) ತಾಗಿದ ಸರಕಾರಿ ಜಾಗವಾದ ಕುಮ್ಕಿಯನ್ನು ಬರೀ ಪುರಂಬೋಕು (ಯಾರಿಗೂ ಹಕ್ಕಿಲ್ಲದ ಸರಕಾರಿ ಜಾಗ) ಎಂದು ಬರೆದರೆ ಸೊಪ್ಪು-ಸೌದೆಯ ಹಕ್ಕು ಕಾಗದದಿಂದಲೇ ಅಳಿದುಹೋಗುತ್ತದೆ.

ನನ್ನ ಹಾಳೆಯಲ್ಲಿ ಮೂರು ಅಂಕಣ. ಎಡಕ್ಕೆ ಮೂಲದ ಒಂದೊಂದು ಸಾಲಿನ ಫೋಟೋ ತುಂಡು ಮತ್ತು ಸಾಲಿನ ಸಂಖ್ಯೆ. ನಡುವೆ ಅದೇ ಸಾಲು ಅಚ್ಚಿನ ಕನ್ನಡದಲ್ಲಿ, ತಪ್ಪು ಕಾಗುಣಿತ ಇದ್ದರೆ ಇದ್ದ ಹಾಗೇ. ಬಲಕ್ಕೆ ಇಂಗ್ಲಿಷ್. ಸಾಲಿನ ಸಂಖ್ಯೆಯನ್ನು ಝೆರಾಕ್ಸಿನ ಮೇಲೆ ಹಾಕಬೇಕು, ಮೂಲಪ್ರತಿಗೆ ಪೆನ್ಸಿಲ್ ಕೂಡ ತಾಗಬಾರದು. ಅನುಮಾನದ ಅಕ್ಷರ ಚೌಕ ಕಂಸದೊಳಗೆ. ಹರಿದ ಕಡೆ 'ಹರಿದಿದೆ' ಎಂದಷ್ಟೇ ಬರೆಯಬೇಕು, ಊಹಿಸಿ ತುಂಬಿಸಲೇಬಾರದು. ಎದುರಿನವರು ಎರಡು ಅಕ್ಷರಕ್ಕೆ ತಕರಾರು ತೆಗೆದರೆ ಆ ಎರಡನ್ನು ಬಿಟ್ಟುಕೊಡಬಹುದು, ಉಳಿದ ಇನ್ನೂರು ಸಾಲು ಅಲುಗುವುದಿಲ್ಲ.

ಬೆಟ್ಟು, ಕುಮ್ಕಿ, ಮೂಲಗೇಣಿ, ಚಕ್ಕುಬಂದಿಯಲ್ಲಿ (ನಾಲ್ಕು ಗಡಿಯ ವಿವರದಲ್ಲಿ) ಬರುವ ಅಗಳು (ಕಂದಕ), ತೋಡು (ಹಳ್ಳ), ಹುಣಿ (ಗದ್ದೆಯ ಬದು), ಇವು ಬಲ ಅಂಕಣದಲ್ಲೂ ಹಾಗೇ ಇರಬೇಕು. ಅನುವಾದಕ ಅವುಗಳ ಅರ್ಥ ಹೇಳುವುದೇ ಬೇಡ. ಅರ್ಥಕ್ಕೆ ಬೇರೆ ಸಾಕ್ಷಿ: ಆ ಗ್ರಾಮದಲ್ಲೇ ಗೇಯ್ದ, ಗೇಣಿ ಅಳೆದ ಹಿರಿಯರೊಬ್ಬರು. ಹಳೆಯ ಸಾಕ್ಷ್ಯ ಕಾಯಿದೆಯ 49 ಮತ್ತು 98ನೇ ಕಲಂ, ಈಗಿನ ಸಾಕ್ಷ್ಯ ಅಧಿನಿಯಮದ 43 ಮತ್ತು 101, ಇರುವುದೇ ಇದಕ್ಕೆ: ಒಂದು ಸೀಮೆಯ ಮಾತಿನ ಅರ್ಥ, ಓದಲಾಗದ ಅಕ್ಷರ, ಬಳಕೆ ತಪ್ಪಿದ ಪದ. ಮೂವತ್ತು ವರ್ಷ ದಾಟಿದ ಆಧಾರಗಳ ಬಗೆಗಿನ 90ನೇ ಕಲಂ ಎಲ್ಲರ ಬಾಯಲ್ಲಿದೆ, 98ನ್ನು ಎತ್ತುವವರೇ ಕಡಿಮೆ. ಆ 90 (ಈಗ 92) ಸಹ ಕೈಬರಹ, ಸಹಿ, ಸಾಕ್ಷಿ ರುಜುಗಳಿಗೆ ಮಾತ್ರ. ಒಳಗೆ ಬರೆದದ್ದು ನಿಜ ಎಂಬ ಊಹೆ ಅದರಿಂದ ಬರುವುದಿಲ್ಲ. ಮೂಲಪ್ರತಿ ಯಾರ ಮನೆಯ ಪೆಟ್ಟಿಗೆಯಲ್ಲಿತ್ತು ಎಂಬುದನ್ನು ಚೀಫ್ ಅಫಿಡವಿಟ್ಟಿನಲ್ಲೇ (ಸಾಕ್ಷಿಯ ಮೊದಲ ಪ್ರಮಾಣಪತ್ರದಲ್ಲೇ) ಹೇಳಿಸಿಬಿಡಬೇಕು.

ಲೆಕ್ಕದ ಗುರುತುಗಳೇ ದೊಡ್ಡ ಗುಂಡಿ. '೧೨||' ಅಂದರೆ ಹನ್ನೆರಡೂವರೆ. ಒಂದು ಗೆರೆ ಕಾಲು, ಎರಡು ಅರೆ, ಮೂರು ಮುಕ್ಕಾಲು. ಹಣವಾದರೆ ಎರಡು ಗೆರೆಗೆ ಎಂಟಾಣೆ. ಟೈಪಿಸ್ಟ್ ಈ ಗೆರೆಗಳನ್ನು ಅಂಕಿಯೆಂದು ತಿಳಿದು 1211 ಮುಡಿ ಅಕ್ಕಿ ಎಂದು ಹೊಡೆದದ್ದುಂಟು, ಅದು ಹಾಗೆಯೇ ಫೈಲಾದದ್ದೂ ಉಂಟು. ೬ ಮತ್ತು ೯ನ್ನು ಭೂತಗನ್ನಡಿ ಹಿಡಿದೇ ನೋಡಬೇಕು. ಮುಡಿ ಧಾನ್ಯಕ್ಕೂ ಗದ್ದೆಯ ವಿಸ್ತಾರಕ್ಕೂ ಹಳೆಯ ಅಳತೆ, ಅದನ್ನು ಕಿಲೋಗೋ ಸೆಂಟ್ಸಿಗೋ ತಿರುಗಿಸಲು ಹೋಗಬೇಡಿ. ಮುಡಿಗೆ ಒಂದು ಕಡೆ 42 ಸೇರು, ಇನ್ನೊಂದು ಕಡೆ 40, ಎದುರಿನವರಿಗೆ ಅಷ್ಟೇ ಸಾಕು. ಫಸಲಿ ವರ್ಷ (ಹಳೆಯ ಕಂದಾಯ ವರ್ಷ) ಜುಲೈಯಲ್ಲಿ ಶುರುವಾಗುವುದರಿಂದ, ಇಸವಿ ಸಿಗಲು ಜುಲೈ–ಡಿಸೆಂಬರಿಗೆ 590, ಜನವರಿ–ಜೂನಿಗೆ 591 ಕೂಡಿಸಬೇಕು. ಎಲ್ಲದಕ್ಕೂ 590 ಕೂಡಿಸಿ ಒಂದು ವರ್ಷ ಹಿಂದೆ ಬಿದ್ದ ಅನುವಾದಗಳು ಇವೆ. ಸಂವತ್ಸರದ ಹೆಸರು, ವಾರ ಎರಡೂ ತಾಳೆ ಬಿದ್ದ ಮೇಲೆಯೇ ತಾರೀಕು ಬರೆಯುವುದು.

ಖರ್ಚು ಹೇಳುವುದಾದರೆ, ಎಂಟು ಪುಟದ ಪಾಲುಪಟ್ಟಿಗೆ ಓದುವವರಿಗೆ ಪುಟಕ್ಕೆ 400ರ ಹತ್ತಿರ, ಅನುವಾದಕ್ಕೆ 350, ಟೈಪಿಂಗ್, ಫೋಟೋ ಸೇರಿ ಒಟ್ಟು ಎಂಟರಿಂದ ಒಂಬತ್ತು ಸಾವಿರ. ಹಳೆಯ ಕ್ರಮದಲ್ಲಿ ಮೂರು ಸಾವಿರಕ್ಕೆ ಮುಗಿಯುತ್ತಿತ್ತು. ಆದರೆ ಅದರಲ್ಲಿ ಸೋತು, ಅಪೀಲಿನಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 41 ರೂಲ್ 27ರ ಕೆಳಗೆ ಹೊಸ ಅನುವಾದ ಸೇರಿಸಲು ಹೊರಟರೆ ಖರ್ಚು ನಾಲ್ಕು ಪಟ್ಟು, ಅನುಮತಿ ಸಿಗುವ ಭರವಸೆಯೂ ಇಲ್ಲ. ಕಕ್ಷಿದಾರರಿಗೆ ಈ ಲೆಕ್ಕವನ್ನು ವಕಾಲತ್ತು ಹಾಕುವ ದಿನವೇ ಹೇಳುತ್ತೇನೆ.

ಮೊಬೈಲಿನ ಅಕ್ಷರ ಓದುವ ಆ್ಯಪ್‌ಗಳನ್ನೂ ಪ್ರಯತ್ನಿಸಿ ಆಗಿದೆ. ಅಚ್ಚಿನ ಕನ್ನಡಕ್ಕೆ ಚೆನ್ನಾಗಿವೆ, ಮೋಡಿಗೆ ಹತ್ತರಲ್ಲಿ ಎರಡು ಪದವೂ ಸರಿ ಬರಲಿಲ್ಲ. ಮಾಸಿದ ಶಾಯಿಗೆ ಕೆಲಸಕ್ಕೆ ಬಂದದ್ದು ಕತ್ತಲೆ ಕೋಣೆಯಲ್ಲಿ ಬದಿಯಿಂದ ಬಿಟ್ಟ ಟಾರ್ಚ್ ಬೆಳಕು: ಸ್ಟೀಲ್ ನಿಬ್ಬು ಒತ್ತಿದ ಗೆರೆ ಶಾಯಿ ಹೋದರೂ ಕಾಗದದಲ್ಲಿ ಉಳಿದಿರುತ್ತದೆ. ಟಾರ್ಚನ್ನು ಎಷ್ಟು ಓರೆ ಹಿಡಿಯಬೇಕು, ಕಾಗದದ ಅಡಿಯಲ್ಲಿ ಏನು ಇಡಬೇಕು ಎಂಬುದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಹಿರಿಯ ಸಾಕ್ಷಿಯ ಹೇಳಿಕೆಯನ್ನು ಮಾತ್ರ ಮುಂದಕ್ಕೆ ಹಾಕಿಸಬೇಡಿ. ಎಂಬತ್ತು ದಾಟಿದವರಾದರೆ ಮನೆಯಲ್ಲೇ ಹೇಳಿಕೆ ಪಡೆಯಲು ಕಮಿಷನ್ ಅರ್ಜಿಯನ್ನು ಇಶ್ಯೂ (ಕೋರ್ಟು ವಿವಾದದ ಅಂಶಗಳನ್ನು ಗೊತ್ತುಮಾಡುವುದು) ಆದ ವಾರದಲ್ಲೇ ಹಾಕಬೇಕು. ಬೆಟ್ಟು ಗದ್ದೆಯಲ್ಲಿ ಕೊಯ್ದು ಗೊತ್ತಿರುವವರು ಒಂದೊಂದು ಗ್ರಾಮದಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯಷ್ಟು.