ಇಂಪ್ಲಾಂಟ್‌ಗೆ ಮೊದಲು ಮಾತ್ರೆ ಚೀಲ ಬಿಚ್ಚಿ

ಕೆಳದವಡೆಗೆ ಕಟ್ಟಿಸಿದ ಹಲ್ಲುಸೆಟ್ಟು ಮಾತಾಡುವಾಗಲೇ ಮೇಲೇಳುತ್ತದೆ. ಅಕ್ಕಿರೊಟ್ಟಿ ಬಿಟ್ಟು ಮುದ್ದೆ ನುಂಗಿಕೊಂಡಿರುವ ಹಿರಿಯರು ಹಾಸನದ ಮನೆಮನೆಯಲ್ಲೂ ಇದ್ದಾರೆ. ದವಡೆಯ ಮುಂಭಾಗದಲ್ಲಿ ಎರಡು ಟೈಟಾನಿಯಂ ಸ್ಕ್ರೂ (ಇಂಪ್ಲಾಂಟ್ ಅಂದರೆ ಇದೇ) ಕೂರಿಸಿ, ಸೆಟ್ಟನ್ನು ಅವಕ್ಕೆ ಪ್ರೆಸ್‌ಬಟನ್ನಿನಂತೆ ಸಿಕ್ಕಿಸಿದರೆ ಇವರಲ್ಲಿ ಹೆಚ್ಚಿನವರಿಗೆ ಸಾಕು. ಬಾಯಿತುಂಬ ಸ್ಕ್ರೂ ಹಾಕುವ ಪ್ಯಾಕೇಜಿಗೆ ಮರುಳಾಗಬೇಡಿ.

ಮೊದಲ ಹೆಜ್ಜೆ ಔಷಧಿಯ ಪಟ್ಟಿ. ಎಡವುವುದೂ ಇಲ್ಲೇ. ಡಾಕ್ಟರು ಕೇಳಿದರೆ 'ಬಿಪಿ, ಶುಗರ್ ಅಷ್ಟೇ' ಎನ್ನುತ್ತಾರೆ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಏರಿಸುವ ಜೋಲೆಡ್ರೊನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಚುಚ್ಚಿಸುವ ಡೆನೊಸುಮಾಬ್ ನೆನಪಿಗೇ ಬರುವುದಿಲ್ಲ. ಇವು ಮೂಳೆ ಕರಗುವುದನ್ನು ತಡೆಯುವ ಜೊತೆಗೆ ಅದು ಹೊಸದಾಗುವುದನ್ನೂ ನಿಧಾನಿಸುತ್ತವೆ. ಹಾಗಾಗಿ ಕೊರೆದ ಜಾಗ ಮಾಯದೆ ದವಡೆಯ ಮೂಳೆ ಸತ್ತು ಹೊರಗೆ ಕಾಣಬಹುದು. ಮೂಳೆ ಸವೆತದ ಡೋಸಿನಲ್ಲಿ ಈ ಅಪಾಯ ಕಡಿಮೆ, ಕ್ಯಾನ್ಸರ್ ಚಿಕಿತ್ಸೆಯ ಡೋಸಿನಲ್ಲಿ ಹೆಚ್ಚು. ಆದ್ದರಿಂದ ಖಾಲಿ ಕವರು, ಡಿಸ್ಚಾರ್ಜ್ ಚೀಟಿ, ಕೊನೆಯ ಇಂಜೆಕ್ಷನ್‌ನ ತಾರೀಖು ಎಲ್ಲವನ್ನೂ ಒಯ್ಯಿರಿ.

ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ. ಡೆನೊಸುಮಾಬ್ ತಪ್ಪಿದರೆ ಬೆನ್ನುಮೂಳೆ ಮುರಿಯಬಹುದು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಪಕ್ಕದ ಮನೆಯವರ ಮಾತು ಕೇಳಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಬಿಡುವುದಂತೂ ಜೀವಕ್ಕೇ ಕುತ್ತು. ವಸಡಿನ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟ್‌ನಲ್ಲಿ ಹೆಪ್ಪುಗಟ್ಟಿದರೆ ಹೃದಯಾಘಾತ. ಮೂರು ತಿಂಗಳ ಸಕ್ಕರೆ ಸರಾಸರಿ, ಅಂದರೆ ಎಚ್‌ಬಿಎ1ಸಿ, 8 ದಾಟಿದ್ದರೆ ಅದನ್ನು ಇಳಿಸಿಕೊಂಡೇ ಬನ್ನಿ.

ಆಮೇಲೆ ಸಿಬಿಸಿಟಿ ಸ್ಕ್ಯಾನ್, ಅಂದರೆ ದವಡೆಯನ್ನು ಎಲ್ಲ ಕಡೆಯಿಂದ ತೋರಿಸುವ ಎಕ್ಸ್‌ರೇ. ಮೂಳೆಯ ಅಗಲ, ನರದ ದಾರಿ ಅದರಲ್ಲಿ ಕಾಣುತ್ತದೆ.

ಸ್ಕ್ರೂ ಹಾಕುವುದು ಮರಗಟ್ಟಿಸುವ ಇಂಜೆಕ್ಷನ್‌ನಲ್ಲೇ ಮುಗಿಯುತ್ತದೆ. ಸಕಲೇಶಪುರ, ಅರಕಲಗೂಡಿನಿಂದ ಬಸ್ಸಿನಲ್ಲಿ ಬರುವ ಸಕ್ಕರೆ ಕಾಯಿಲೆಯವರು ಬೆಳಗಿನ ಸಮಯವನ್ನೇ ಕೇಳಿ, ತಿಂಡಿ ತಿಂದು ಬನ್ನಿ. ಸ್ಕ್ರೂ ಹಾಕಿಸಿಕೊಂಡ ಮೇಲೆ ಅಂದು ಬಿಸಿ ಕಾಫಿ ಬೇಡ, ಆರಿದ ಗಂಜಿ ಸಾಕು. ಮೂಳೆ ಬೆಸೆಯಲು ಕೆಳದವಡೆಗೆ ಸುಮಾರು ಮೂರು ತಿಂಗಳು. ಅಷ್ಟು ದಿನ ಹೊಗೆಸೊಪ್ಪು ಬಾಯಿಗೆ ಹೋಗಲೇಬಾರದು, ಆಮೇಲೂ ಬಿಟ್ಟರೇ ಒಳ್ಳೆಯದು.

ಸೆಟ್ಟು ಸಿಕ್ಕಿಸಿದ ಮೇಲೆ ಪ್ರತಿ ರಾತ್ರಿ ಅದನ್ನು ತೆಗೆದು ತಣ್ಣೀರಿನಲ್ಲಿಡಿ. ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಸ್ಕ್ರೂ ಮೇಲೆ ಕಾಣುವ ಗುಬುಟಿನ ಸುತ್ತ, ವಸಡಿನ ಅಂಚಿನಲ್ಲಿ, ಮೆತ್ತನೆಯ ಸಣ್ಣ ಬ್ರಷ್ಷಿನಿಂದ ಉಜ್ಜಿ. ಕೈ ನಡುಗುವವರಿಗೆ ಮನೆಯವರೇ ಉಜ್ಜಿಕೊಡಬೇಕು. ಇದ್ದಿಲ ಪುಡಿ, ಕೆಂಪು ಹಲ್ಲುಪುಡಿ ಗೀರು ಬೀಳಿಸುತ್ತವೆ, ಬೇಡ. ಸೆಟ್ಟು ಸಡಿಲವಾದರೆ ಅಂಟು ಹಚ್ಚಬೇಡಿ. ಸಾಮಾನ್ಯವಾಗಿ ಸವೆದಿರುವುದು ಸೆಟ್ಟಿನ ಒಳಗಿನ ನೈಲಾನ್ ಬಳೆ, ಅದನ್ನು ಬದಲಿಸಬೇಕು. ಸ್ಕ್ರೂವಿನ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಕಾರ್ಡು ಆಗ ಬೇಕಾಗುತ್ತದೆ. 'ಫಾರಿನ್ ಮಾಲು' ಎಂದಷ್ಟೇ ಹೇಳಿ ಹೆಸರು ಬರೆದುಕೊಡದ ಕಡೆ ಅಡ್ವಾನ್ಸ್ ಕಟ್ಟಬೇಡಿ.