ತಾರಸಿಗೆ ಉಳಿದಿದ್ದದ್ದು ಎರಡೇ ಮಳೆಗಾಲ

ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ 16 ಮನೆಗಳ ಕಟ್ಟಡದ ಖಜಾಂಚಿಯ ಹೊಣೆ ನನ್ನ ಹೆಗಲೇರಿದ್ದು ಪುನರ್ವಸು ಮಳೆ ಹಿಡಿದಿದ್ದ ವಾರದಲ್ಲಿ. ಮೇಲಂತಸ್ತಿನ ಎರಡು ಮನೆಗಳು ಸೋರುತ್ತಿದ್ದವು. ಬ್ಯಾಂಕಿನಲ್ಲಿದ್ದದ್ದು ಬಿಲ್ಡರ್ ಬಿಟ್ಟುಹೋದ ಮೂಲನಿಧಿಯಲ್ಲಿ ಉಳಿದ 1 ಲಕ್ಷ ರೂಪಾಯಿ ಮಾತ್ರ. ತಿಂಗಳಿಗೆ ಮನೆಯೊಂದರಿಂದ ಸರಾಸರಿ 1,750 ರೂಪಾಯಿಯಂತೆ ಬರುತ್ತಿದ್ದ 28,000 ರೂಪಾಯಿ ಕಾವಲುಗಾರರ ಸಂಬಳ, ಕಸಗುಡಿಸುವಿಕೆ, ಮೆಸ್ಕಾಂ ಬಿಲ್ಲು, ಲಿಫ್ಟಿನ ವಾರ್ಷಿಕ ಒಪ್ಪಂದ ಮತ್ತು ಸಂಪು ತೊಳೆಸುವುದಕ್ಕೇ ಸರಿಹೋಗುತ್ತಿತ್ತು.

ಮಳೆ ಬಿಟ್ಟ ಮೇಲೆ ಬಿರುಕುಗಳಿಗೆ ತೇಪೆ ಹಾಕಿದ ಮೇಸ್ತ್ರಿ, ಇದು ಇನ್ನೆರಡು ಮಳೆಗಾಲ ತಡೆದೀತು, ಆಮೇಲೆ ಇಡೀ ತಾರಸಿಗೆ ಹೊಸದಾಗಿ ಜಲನಿರೋಧಕ ಲೇಪನ ಮಾಡಿಸಲೇಬೇಕು ಎಂದರು. ಅಂದಾಜು 2,40,000 ರೂಪಾಯಿ. ನಾನು ಅಂದು ರಾತ್ರಿಯೇ ಲೆಕ್ಕಕ್ಕೆ ಕುಳಿತೆ: ತಾರಸಿ ಆರು ವರ್ಷಕ್ಕೊಮ್ಮೆ, ಹೊರಗೋಡೆಯ ಬಣ್ಣ ಎಂಟು ವರ್ಷಕ್ಕೊಮ್ಮೆ 4,80,000, ಮೋಟಾರು ಐದು ವರ್ಷಕ್ಕೊಮ್ಮೆ 40,000, ಲಿಫ್ಟಿನ ಹಗ್ಗ ಮತ್ತಿತರ ಬಿಡಿಭಾಗ ಹತ್ತು ವರ್ಷಕ್ಕೊಮ್ಮೆ 1,20,000. ಎಲ್ಲವನ್ನೂ ಆಯಾ ವರ್ಷಗಳಿಂದ ಭಾಗಿಸಿದಾಗ ವರ್ಷಕ್ಕೆ 1,20,000, ಅಂದರೆ ಮನೆಯೊಂದಕ್ಕೆ ತಿಂಗಳಿಗೆ 625 ರೂಪಾಯಿ. ಸಭೆಯಲ್ಲಿ ಇದನ್ನು ಹೆಮ್ಮೆಯಿಂದಲೇ ಓದಿದೆ.

ನೆಲಮಹಡಿಯ ನಿವೃತ್ತ ಅಧ್ಯಾಪಕರೊಬ್ಬರು, ತಾರಸಿಗೆ ಉಳಿದಿರುವುದು ಎರಡು ವರ್ಷವಾದರೆ ಆರರಿಂದ ಭಾಗಿಸುವುದು ಯಾವ ಗಣಿತವೆಂದು ಕೇಳಿದರು. ಅವರ ಮಾತು ಸರಿಯಾಗಿತ್ತು. ಹೊಸ ಕಟ್ಟಡಕ್ಕೆ ಮಾತ್ರ ಹೊಂದುವ ಸೂತ್ರವನ್ನು ನಾನು ಹಳೆಯದಕ್ಕೆ ಹಚ್ಚಿದ್ದೆ. ಉಳಿದ ಆಯುಷ್ಯದಿಂದ ಭಾಗಿಸಿದಾಗ (ತಾರಸಿಗೆ ಎರಡು ವರ್ಷ, ಬಣ್ಣಕ್ಕೆ ಐದು, ಮೋಟಾರಿಗೆ ಎರಡು, ಲಿಫ್ಟಿಗೆ ಆರು) ವರ್ಷದ ಮೊತ್ತ 2,56,000ಕ್ಕೆ ಏರಿತು. ಹಿಂದಿನ ವರ್ಷಗಳಲ್ಲಿ ಕೂಡಿಡದೆ ಉಳಿಸಿಕೊಂಡ ಹಣವೆಲ್ಲ ಹೀಗೆ ಸಾಲದಂತೆ ತಿರುಗಿ ಬಂದಿತ್ತು. ಕೊನೆಗೆ ಹಳೆಯ 1 ಲಕ್ಷವನ್ನೂ, ಮನೆಗೆ ಸರಾಸರಿ 5,000ದಂತೆ ಎರಡು ಕಂತಿನಲ್ಲಿ ಎತ್ತಿದ 80,000ವನ್ನೂ ತಾರಸಿಗೇ ಮೀಸಲಿಟ್ಟೆವು. ಆಗ ವರ್ಷಕ್ಕೆ ಬೇಕಾದದ್ದು 1,66,000, ತಿಂಗಳಿಗೆ ಮನೆಯೊಂದರಿಂದ ಸುಮಾರು 865 ರೂಪಾಯಿ.

ಹಂಚಿಕೆಯ ಜಗಳ ಎರಡು ಸಭೆ ತಿಂದಿತು. ಸೋರುವ ಮನೆಯವರೇ ತಾರಸಿಯ ಖರ್ಚು ಕೊಡಲಿ ಎಂದು ಕೆಳಗಿನವರೂ, ಲಿಫ್ಟ್ ಹತ್ತದವರು ಅದಕ್ಕೇಕೆ ಕೊಡಬೇಕೆಂದು ಇನ್ನು ಕೆಲವರೂ ಪಟ್ಟು ಹಿಡಿದರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮದಲ್ಲಿ ಚಾವಣಿ, ಲಿಫ್ಟ್, ಟ್ಯಾಂಕು, ಪಂಪುಗಳೆಲ್ಲ ಸಾಮಾನ್ಯ ಸ್ವತ್ತುಗಳ ಪಟ್ಟಿಯಲ್ಲಿವೆ. ಬಳಸುವುದಿಲ್ಲವೆಂಬ ಕಾರಣಕ್ಕೆ ಯಾರೂ ಪಾಲು ತಪ್ಪಿಸಿಕೊಳ್ಳುವಂತಿಲ್ಲ, ಖರ್ಚು ಅವಿಭಾಜ್ಯ ಹಕ್ಕಿನ, ಅಂದರೆ ಸಾಮಾನ್ಯ ಸ್ವತ್ತಿನಲ್ಲಿ ಪ್ರತಿ ಮನೆಗಿರುವ ಪಾಲಿನ, ಪ್ರಮಾಣದಲ್ಲಿ ಹಂಚಿಕೆಯಾಗಬೇಕು. ಈ ಪಾಲುಗಳನ್ನು ನಮೂದಿಸುವ, ಕಟ್ಟಡದ ಘೋಷಣಾ ಪತ್ರದಲ್ಲಿದ್ದ ಶೇಕಡಾವಾರನ್ನೇ ನಾವೂ ಹಿಡಿದೆವು. ಬಾಡಿಗೆದಾರರಿಂದ ದಿನನಿತ್ಯದ ಖರ್ಚನ್ನು ಮಾತ್ರ ಪಡೆದು, ದುರಸ್ತಿ ನಿಧಿಯನ್ನು ಮಾಲೀಕರಿಗೇ ಬಿಟ್ಟೆವು. ಎರಡಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆಗಳಿವೆ. ಒಂದೇ ಖಾತೆಯಲ್ಲಿದ್ದರೆ ದೀಪಾವಳಿಯ ಬೋನಸ್ಸಿಗೆ ತಾರಸಿಯ ಹಣ ಕರಗುವುದು ಎಷ್ಟು ಸಲೀಸೆಂಬುದು ಹಳೆಯ ಪಾಸ್‌ಬುಕ್ಕಿನಲ್ಲಿಯೇ ಕಾಣುತ್ತಿತ್ತು.

ಆಗುಂಬೆಯ ಮಳೆ ನಮ್ಮ ಊರಿಗಿಲ್ಲ, ಆದರೂ ಜೂನ್ ಬಂದ ಮೇಲೆ ತಾರಸಿ ಒಣಗುವುದಿಲ್ಲ. ತೇವದ ಕಾಂಕ್ರೀಟಿನ ಮೇಲೆ ಬಳಿದ ಲೇಪನ ಬೇಗನೆ ಗುಳ್ಳೆಯೆದ್ದು ಸುಲಿಯುತ್ತದೆ, ಮೇ ತಿಂಗಳಲ್ಲಿ ಕೆಲಸಗಾರರೂ ಕೈಗೆ ಸಿಗುವುದಿಲ್ಲ. ಆದ್ದರಿಂದ ನಮ್ಮ ಬಜೆಟ್ ಸಭೆ ಡಿಸೆಂಬರಿನಲ್ಲಿ, ದರಪಟ್ಟಿ ಜನವರಿಯಲ್ಲಿ, ಕೆಲಸ ಫೆಬ್ರವರಿಯಲ್ಲಿ. ಲೇಪನಕ್ಕೆ ಮುನ್ನ ಪಾಚಿ ಉಜ್ಜಿ, ನೀರು ಹೋಗುವ ಬಾಯಿಗಳ ಎಲೆ ತೆಗೆದು, ಇಳಿಜಾರು ಸರಿಪಡಿಸಿದೆವು; ಲೇಪನವಾದ ಮೇಲೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಿದೆವು.

ಬಿಲ್ಲು 2,52,000 ಆಯಿತು. ಹೆಚ್ಚಾದ 12,000ವನ್ನು ಬಣ್ಣದ ಪಾಲಿನಿಂದ ಕೊಟ್ಟು, ಮುಂದಿನ ವರ್ಷದ ಹಂಚಿಕೆಯಲ್ಲಿ ಅದನ್ನು ಮರಳಿ ಸೇರಿಸಿದೆವು. ಆ ಸಾಲನ್ನು ಲೆಕ್ಕಪಟ್ಟಿಯಲ್ಲಿ ಬರೆಸಿದವರು ಅದೇ ಅಧ್ಯಾಪಕರು.